ಎರಡೇ ಸ್ಕ್ರೂಗಳ ಮೇಲೆ ನಿಂತ ದನಿ

ಕಪ್ಪತಗುಡ್ಡದ ಗಾಳಿಕೇರಿ,
2241, ಫೆಬ್ರವರಿ 30.

ಹಿಂದಿನ ಕಾಲದವರಿಗೆ,

ಈ ತಾರೀಖು ನಿಮಗೆ ತಪ್ಪೆಂದು ಕಾಣಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಏಳನೆಯ ಇಯತ್ತೆವರೆಗೆ ಓದಿದವಳು, ದಿನಚರಿ ಬಿಟ್ಟು ಬೇರೇನೂ ಬರೆದು ಗೊತ್ತಿಲ್ಲ.

ನೀವು ಹಾರ್ಡ್ ಡಿಸ್ಕ್ ಅನ್ನುವುದನ್ನು ನಾವು ತಿರುಗುತಟ್ಟೆ ಅನ್ನುತ್ತೇವೆ. ಅದನ್ನು ಮಾಡುವ ವಿದ್ಯೆ ನಮ್ಮಲ್ಲಿಲ್ಲ. ಇರುವವೆಲ್ಲ ನಿಮ್ಮ ಕಾಲದವು. ಹಳೆಯ ಊರುಗಳ ಅವಶೇಷಗಳಲ್ಲಿ ಸಿಕ್ಕವು. ಒಬ್ಬೊಬ್ಬರಿಗೆ ಜೀವಮಾನಕ್ಕೆ ಒಂದು, ಅವರು ಆಡಿಟ್ಟ ಮಾತು ಅದರಲ್ಲಿ ಉಳಿಯುತ್ತದೆ. ಕೇರಿಗೊಂದು ಮಾತಿನ ಪೆಟ್ಟಿಗೆ ಇರುತ್ತದೆ, ಅಂದರೆ ನಿಮ್ಮ ಮೇಜಿನ ಕಂಪ್ಯೂಟರಿನ ತಗಡಿನ ಪೆಟ್ಟಿಗೆ. ಸತ್ತವರ ತಟ್ಟೆಯನ್ನು ಹನ್ನೊಂದನೆಯ ದಿನ ಅದರೊಳಗಿನ ಒಂದು ಗೂಡಿನಲ್ಲಿ ಕೂಡಿಸಿ ಅವರ ದನಿ ಕೇಳುತ್ತೇವೆ. ಎಡಕ್ಕೆ ಎರಡು, ಬಲಕ್ಕೆ ಎರಡು, ಒಟ್ಟು ನಾಲ್ಕು ಸ್ಕ್ರೂ. ಚಟ್ಟಕ್ಕೆ ಹೆಗಲು ಕೊಟ್ಟ ನಾಲ್ವರೇ ಅವನ್ನು ಬಿಗಿಯಬೇಕು. ಎಡಕ್ಕೆ ಹೊತ್ತವರು ಎಡಕ್ಕೆ, ಬಲಕ್ಕೆ ಹೊತ್ತವರು ಬಲಕ್ಕೆ. ಒಬ್ಬರ ತೂತಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ.

ನನ್ನ ಮಗಳು ನಿಂಬವ್ವ ಗುಡ್ಡದ ಮೇಲೆ ಗಾಳಿ ನೋಡುವವಳಾಗಿದ್ದಳು. ಗಾಳಿ ಜೋರಾದರೆ ಗಾಳಿಯಂತ್ರಗಳನ್ನು ತಡೆದು ನಿಲ್ಲಿಸಬೇಕು, ಇಲ್ಲದಿದ್ದರೆ ರೆಕ್ಕೆ ಮುರಿಯುತ್ತವೆ. ಹನ್ನೆರಡನೆಯ ವಯಸ್ಸಿನಿಂದ ದಿನಾ ಬೆಳಗ್ಗೆ ಅಂದಿನ ಗಾಳಿಯನ್ನು ಅಳೆದು ತನ್ನ ತಟ್ಟೆಗೆ ಹೇಳುತ್ತಿದ್ದಳು. ಅಳತೆಯ ಹಿಂದೆ ಮನೆಯ ಸುದ್ದಿಯನ್ನೂ ಸೇರಿಸುತ್ತಿದ್ದಳಂತೆ. ಹನ್ನೊಂದು ವರ್ಷದ ಬೆಳಗುಗಳು ಅದರಲ್ಲಿದ್ದವು. ಬದುಕಿರುವವರ ತಟ್ಟೆಯನ್ನು ಮನೆಯವರು ಕೇಳುವ ರೂಢಿ ಇಲ್ಲ. ನಾನೂ ಕೇಳಿರಲಿಲ್ಲ. ಹೋದ ಚಳಿಗಾಲದಲ್ಲಿ ಒಂಬತ್ತು ದಿನದ ಜ್ವರದಲ್ಲಿ ಹೋದಳು.

ಎಡಗಡೆ ಹೊತ್ತವರು ನನ್ನ ಗಂಡ ಮತ್ತು ನೆರೆಮನೆಯವರೊಬ್ಬರು. ಬಲಗಡೆ ನನ್ನ ಮೈದುನ ಫಕೀರಪ್ಪ ಮತ್ತು ಅವನ ಮಗ. ಹತ್ತನೆಯ ದಿನ ಹೊಳೆಯ ಒಡ್ಡು ಬಿರಿದಿದೆಯೆಂದು ಕರೆ ಬಂದು ಅವರಿಬ್ಬರೂ ಹೋಗಬೇಕಾಯಿತು. ಹನ್ನೊಂದನೆಯ ದಿನ ಎಡಗಡೆಯ ಎರಡು ಸ್ಕ್ರೂ ಮಾತ್ರ ಬಿದ್ದವು. ತಟ್ಟೆ ಒಂದೇ ಪಕ್ಕದ ಆಸರೆಯಲ್ಲಿ ನಿಂತಿತ್ತು.

ಪೆಟ್ಟಿಗೆ ಕಾಯುವ ಹುಸೇನಸಾಬರು ಕರೆಂಟು ಕೊಡಲು ಒಪ್ಪಲಿಲ್ಲ. "ಒಂದ ಮಗ್ಗಲಿಗೆ ನಿಂತೈತಿ, ತಂಗಿ. ಅಳ್ಳಾಡಿದ್ರ ಒಳಗಿನ ಮುಳ್ಳು ತಟ್ಟೀನ ಕೆರೀತೈತಿ. ಅವರು ಬರೂತನಕ ತಡಿ" ಅಂದರು. ನಾನು ತಡೆಯಲಿಲ್ಲ. ಅವರ ಕಾಲಿಗೆ ಬಿದ್ದೆ. ವಯಸ್ಸಾದವರು, ಮನಸ್ಸು ಕರಗಿತು. ಪೆಟ್ಟಿಗೆಯನ್ನು ಮಾತ್ರ ಮುಟ್ಟಬೇಡವೆಂದು ಎರಡು ಸಲ ಹೇಳಿದರು.

ತಟ್ಟೆ ತಿರುಗಿತು. ಪೆಟ್ಟಿಗೆಯ ಮುಂದಿನ ಸಣ್ಣ ಸ್ಪೀಕರಿನಿಂದ ನನ್ನ ಮಗಳ ದನಿ ಬಂತು. "ಇವತ್ತಿನ ಗಾಳಿ ಹದಿನಾಕು. ನಮ್ಮವ್ವ ಇವತ್ತೂ ರೊಟ್ಟಿ ಹೊತ್ತಿಸ್ಯಾಳ. ಅಕಿಗೆ ಹೇಳಬ್ಯಾಡ್ರಿ, ನನಗ..." ದನಿ ಅಲ್ಲಿ ಸಣ್ಣದಾಯಿತು. ಪಿಸುಗುಡುತ್ತಿದ್ದಳು. ಮುಂದಿನದು ಕೇಳಿಸಲೆಂದು ನಾನು ಎರಡೂ ಕೈಗಳಿಂದ ಪೆಟ್ಟಿಗೆಯನ್ನು ನನ್ನತ್ತ ಎಳೆದುಕೊಂಡೆ, ಮಗುವನ್ನು ಎದೆಗೆ ಎಳೆದುಕೊಳ್ಳುವ ಹಾಗೆ. ಒಳಗೆ ತಟ್ಟೆ ವಾಲಿತು. ಕಲ್ಲಿನ ಮೇಲೆ ಕುಡುಗೋಲು ಮಸೆದಂಥ ಸದ್ದು. ಆಮೇಲೆ ಏನೂ ಇಲ್ಲ.

ಹುಸೇನಸಾಬರು ಬೈಯದೆ ಕರೆಂಟು ತೆಗೆದರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಮೂರು ದಿನ ಕಳೆದು ಫಕೀರಪ್ಪ ಬಂದ. ಕೈಯಲ್ಲಿ, ಬಟ್ಟೆಯಲ್ಲಿ ಸುತ್ತಿದ ತನ್ನ ಪಾಲಿನ ಸ್ಕ್ರೂ ಇತ್ತು. ವಿಷಯ ತಿಳಿದು ಬಾಗಿಲಲ್ಲೇ ನಿಂತು, "ಇದನ್ನ ನಾ ಏನ್ ಮಾಡ್ಲಿ, ಅತ್ತಿಗಿ?" ಎಂದು ಕೇಳಿದ. ಹಾಕು ಅಂದೆ. ಅವನೂ ಅವನ ಮಗನೂ ಬಲಗಡೆ ಬಿಗಿದರು. ಈಗ ಅದು ಗೂಡಿನಲ್ಲಿ ಭದ್ರವಾಗಿದೆ, ಒಂದಿಷ್ಟೂ ಅಲುಗಾಡುವುದಿಲ್ಲ.

ಯಾರಾದರೂ ಊರಲ್ಲಿಲ್ಲದಿದ್ದರೆ ಅವರ ಬದಲು ಬೇರೆಯವರು ಬಿಗಿಯಲಿ ಎಂದು ಹಿರಿಯರಲ್ಲಿ ಬೇಡಿಕೊಂಡೆ. ಒಬ್ಬರ ಹೆಗಲನ್ನು ಇನ್ನೊಬ್ಬರು ಕೊಡಲಾಗುವುದಿಲ್ಲ ಎಂದರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರೋ ಈ ಹೊತ್ತು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಹೊಸ ತಟ್ಟೆ ಹಿಡಿದು ಕೂತಿರಬಹುದು. ಸ್ಕ್ರೂ ಸಿಗಲಿಲ್ಲವೆಂದು ಎರಡರಲ್ಲೇ ಮುಗಿಸಬೇಡಿ. ತಿರುಗುತ್ತಿರುವಾಗ ಮುಟ್ಟಬೇಡಿ. ನಿಮ್ಮಲ್ಲಿ ತಟ್ಟೆಗಳಿಗೆ ಬರವಿಲ್ಲವಂತೆ. ಒಂದೇ ದನಿಯನ್ನು ಎರಡರಲ್ಲಿ ಇಡಿ.

ಮಗಳ ಕೆಲಸ ಈಗ ನನಗೆ ಬಂದಿದೆ. ದಿನಾ ಬೆಳಗ್ಗೆ ಗುಡ್ಡ ಹತ್ತಿ, ಗಾಳಿ ಅಳೆದು, ನನ್ನ ತಟ್ಟೆಗೆ ಹೇಳುತ್ತೇನೆ. ಈ ಬೆಳಗಿನದು ಒಂಬತ್ತು. ಅಳತೆ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ, ಅವಳು ಮಾತು ಸೇರಿಸುತ್ತಿದ್ದ ಜಾಗದಲ್ಲಿ.

ಇಂತಿ,
ಶಿವಗಂಗವ್ವ, ನಿಂಬವ್ವನ ತಾಯಿ