ಕೇಳದೆ ಹತ್ತುವ ಬಸ್ಸು

3 ಫೆಬ್ರುವರಿ 2025
ಎಂದಿನಂತೆ ಒಂಬತ್ತಕ್ಕೆ ಹಾರ್ಡ್‌ವೇರ್ ಅಂಗಡಿ ತೆರೆದೆ. ಮಧ್ಯಾಹ್ನ ಮನೆಗೆ ಬಂದರೆ ಬೀಗ. ಊಟ ಡಬ್ಬಿಯಲ್ಲಿ, ತಣ್ಣಗೆ. ನಿರ್ಮಲ ಮತ್ತೆ ಹರಿಹರಕ್ಕೆ. ಫ್ರೀ ಬಸ್ ಬಂದಾಗಿನಿಂದ ನನ್ನ ಹೆಂಡತಿಯ ಕಾಲು ದಾವಣಗೆರೆಯಲ್ಲಿ ನಿಲ್ಲುವುದಿಲ್ಲ. ಜಿಎಸ್‌ಟಿ ಕಟ್ಟುವವನು ನಾನು, ಕಿಟಕಿ ಸೀಟು ಅವಳಿಗೆ.

ಸಂಜೆ ಬಂದಳು. "ರಹೀಮುನ್ನೀಸಾಗೆ ಕೈಕಾಲು ಸ್ವಾಧೀನ ಇಲ್ರಿ. ನಾ ಹೋಗಿ ತಲೆ ಬಾಚಿದ್ರೆ ಆಕಿಗೆ ಸಮಾಧಾನ." ಶಾಲೆಯ ದಿನಗಳ ಗೆಳತಿಯಂತೆ, ಇವಳನ್ನು ಈಗಲೂ ನಿಮ್ಮಿ ಎಂದೇ ಕರೆಯುತ್ತಾಳಂತೆ. ಇರಲಿ. ಅದಕ್ಕೆ ವಾರಕ್ಕೆ ಮೂರು ಸಲವೇ?

10 ಫೆಬ್ರುವರಿ
ಮಹಾಂತೇಶ್ ಮೊಳೆ ಕೊಳ್ಳಲು ಬಂದವನು ನಕ್ಕ. "ಏನಣ್ಣ, ಅತ್ತಿಗೆ ಯಾವಾಗ್ಲೂ ಬಸ್‌ಸ್ಟ್ಯಾಂಡ್ನಾಗೇ ಕಾಣ್ತಾರಲ್ಲ." ಮೈ ಉರಿಯಿತು.

ಅವಳ ಬಳಿ ಇರುವ ಗುರುತಿನ ಚೀಟಿ ಆಧಾರ್ ಒಂದೇ, ಅದಿಲ್ಲದೆ ಕಂಡಕ್ಟರ್ ಫ್ರೀ ಟಿಕೆಟ್ ಕೊಡುವುದಿಲ್ಲ. "ಬ್ಯಾಂಕ್ನೋರು ಕೇಳ್ಯಾರೆ, ನಿನ್ನ ಕಾರ್ಡ್ ಕೊಡು" ಎಂದೆ. ಕೊಟ್ಟಳು. ಅಂಗಡಿಯ ಗಲ್ಲಾದಲ್ಲಿಟ್ಟು ಬೀಗ ಹಾಕಿದೆ. ಹೋಗಬೇಕೆಂದರೆ ದುಡ್ಡು ಕೇಳಲಿ, ಇಲ್ಲ ಅನ್ನುತ್ತೇನಾ? ಮೊದಲೆಲ್ಲ ಕೇಳುತ್ತಿದ್ದಳು... ಬಾಗಿಲಲ್ಲಿ ನಿಂತು, ಎರಡು ಸಲ ಕೆಮ್ಮಿ.

14 ಫೆಬ್ರುವರಿ
ಬಿಸಿ ರೊಟ್ಟಿ, ಎಣ್ಣೆಗಾಯಿ. ಮನೆಯಲ್ಲೇ ಇದ್ದಾಳೆ.
"ಬ್ಯಾಂಕಿನ ಕೆಲ್ಸ ಆತೇನ್ರಿ?"
"ಇನ್ನೂ ಇಲ್ಲ."
ಮತ್ತೇನೂ ಕೇಳಲಿಲ್ಲ. ಗೆದ್ದೆ ಎನಿಸಿತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

27 ಫೆಬ್ರುವರಿ, ರಾತ್ರಿ
ಬೆಳಿಗ್ಗೆ ನಿರ್ಮಲ ಸ್ನಾನಕ್ಕೆ ಹೋಗಿದ್ದಳು, ಅವಳ ಫೋನ್ ನಾನೇ ಎತ್ತಿದೆ. ರಹೀಮುನ್ನೀಸಾ ಮಗಳು. "ಅಮ್ಮಿ ಹೋಗ್ಬಿಟ್ರು ಅಂಕಲ್. ನಿಮ್ಮಿ ಯಾಕೆ ಬರ್ತಿಲ್ಲ ಅಂತ ಮೊನ್ನೆವರೆಗೂ ಕೇಳ್ತಿದ್ರು."

ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅರ್ಧ ಗಂಟೆಯ ದಾರಿ, ಅಷ್ಟೇ. ಮುಖ ನೋಡಿ ಬಂದಳು. ವಾಪಸ್ ಬರುವಾಗ ತಡೆಯಲಾಗಲಿಲ್ಲ.
"ಬಸ್ಸಿಗೆ ದುಡ್ಡು ಕೇಳ್ಬೋದಿತ್ತಲ್ಲ ನೀನು?"
ಹೊರಗೆ ನೋಡುತ್ತಲೇ ಹೇಳಿದಳು. "ಹತ್ರ ಹತ್ರ ಎರಡು ವರ್ಷ ಯಾರನ್ನೂ ಕೇಳ್ದೆ ಓಡಾಡೀನಿ. ಮತ್ತೆ ಕೇಳಾಕೆ ಬಾಯಿ ಬರ್ಲಿಲ್ರಿ. ಇವತ್ತು ಕೇಳಾನ, ನಾಳೆ ಕೇಳಾನ ಅಂತ..."

ನನ್ನ ತೆರಿಗೆ, ನನ್ನ ತೆರಿಗೆ ಎಂದು ಎಷ್ಟು ಜನರ ಮುಂದೆ ಕೂಗಾಡಿದ್ದೆ. ಆ ದುಡ್ಡಿನಿಂದ ನನ್ನ ಮನೆಯಲ್ಲೇ ಒಬ್ಬಳು ನನ್ನ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟುತ್ತಿದ್ದಳು. ನನಗೆ ಚುಚ್ಚಿದ್ದು ಅದೇ. ಬಸ್ ಚಾರ್ಜು ಬರೀ ನೆಪ. ತಪ್ಪು ಮಾಡಿದೆ.

9 ಮಾರ್ಚ್
ಹತ್ತು ದಿನ ಬೇಕಾಯಿತು ಧೈರ್ಯಕ್ಕೆ. ಇವತ್ತು ಅಡುಗೆಮನೆಗೆ ಹೋಗಿ ಕಾರ್ಡ್ ಕೊಟ್ಟೆ. ಬ್ಯಾಂಕಿನವರು ಕೇಳಿರಲಿಲ್ಲ, ನಾನೇ ಬಚ್ಚಿಟ್ಟಿದ್ದೆ ಎಂದೂ ಹೇಳಿದೆ. ರೊಟ್ಟಿ ತಟ್ಟುವ ಕೈ ನಿಲ್ಲಲಿಲ್ಲ. ಏನಾದರೂ ಬೈಯಲಿ ಎಂದು ಕಾದೆ. ಕೊನೆಗೆ ನಾನೇ, "ನಾಳೆ ಹರಿಹರಕ್ಕೆ ಹೋಗಿ ಬಾ" ಎಂದೆ.

ತಿರುಗಿ ನೋಡಿದಳು.
"ಯಾರ ಮನೆಗ್ರಿ?"