ಕಸ್ತೂರಬಾಯಿಯ ಒಲೆಯಲ್ಲಿ ನಮ್ಮ ರೊಟ್ಟಿ

ಔರಾದ ಶಹಾಜನಿ, ೯ ಫೆಬ್ರವರಿ ೧೯೫೩, ಸೋಮವಾರ

ಮೂತ್ರದಲ್ಲಿ ಸಕ್ಕರೆ ಇದೆಯೆಂದು ಬೀದರದ ಡಾಕ್ಟರರು ರೊಟ್ಟಿ, ಅನ್ನ, ಬೆಲ್ಲ ಬಿಡಿಸಿ ಇಂದಿಗೆ ಇಪ್ಪತ್ತು ದಿನ. ಹೊಟ್ಟೆಗಿಂತ ಮನಸ್ಸೇ ಹೆಚ್ಚು ಸೋತಿದೆ. ಬೆಳಿಗ್ಗೆ ಭಕ್ತರ ಮನೆಯಲ್ಲಿ ಪೂಜೆ ಮುಗಿಸಿ ಊಟ ಮುಟ್ಟದೆ ಎದ್ದಾಗ, ಕಾರಣವಿಲ್ಲದೆ ಕಣ್ಣು ತುಂಬಿತು.

ಮಧ್ಯಾಹ್ನ ಮತ್ತೆ ಅದೇ ಪುಂಡಿಪಲ್ಯ, ಮೊಸರು. ತಟ್ಟೆ ಸರಿಸಿ ಹೆಂಡತಿ ಪಾರ್ವತಿಯ ಮೇಲೆ ಕೂಗಾಡಿದೆ: "ಬರೇ ಸೊಪ್ಪು ತಿನ್ನಾಕ ನಾ ಏನ್ ದೇವಣಿ ಎತ್ತಾ?"

"ಎತ್ತು ಇಷ್ಟು ಒದರೂದಿಲ್ರಿ," ಎಂದಳು.

ನಗು ಬಂತು. ಆದರೂ ಮುಖ ಬಿಗಿದುಕೊಂಡೇ ಕುಳಿತೆ.

ಸಂಜೆ ನೆರೆಮನೆಯ ಕಸ್ತೂರಬಾಯಿಯ ಅಂಗಳ ದಾಟುವಾಗ, ಒಳಗೆ ಪಾರ್ವತಿ ರೊಟ್ಟಿ ಬಡಿಯುತ್ತಿದ್ದಳು. ವಾಸನೆಗೆ ನನಗೆ ಆಸೆಯಾಗಬಾರದೆಂದು ಇಷ್ಟು ದಿನವೂ ಅವಳು ತನ್ನ ಮತ್ತು ಮಕ್ಕಳ ರೊಟ್ಟಿ ಅಲ್ಲೇ ಮಾಡಿ, ಎಲ್ಲರೂ ಅಲ್ಲೇ ಉಣ್ಣುತ್ತಿದ್ದಾರಂತೆ; ಕಸ್ತೂರಬಾಯಿಯೇ ಹೇಳಿದಳು. ನನ್ನ ದುಃಖದಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ನಾಳಿಂದ ನಮ್ಮ ಮನ್ಯಾಗೇ ಬಡಿ," ಎಂದೆ.

"ನೀವು ತುಂಡು ಬೇಡಿದ್ರ?"

"ಕೊಡಬ್ಯಾಡ. ಉಣ್ಣೂವಾಗ ನನ್ನ ನಿನ್ನ ಬಾಜೂಕ ಕೂಡಿಸ್ಕೋ, ಸಾಕು."

ಕಸ್ತೂರಬಾಯಿ ನೋಡುತ್ತಿದ್ದರೂ ಪಾರ್ವತಿ ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದಳು.

ಬೇಸರ ಪೂರ್ತಿ ಹೋಗಿಲ್ಲ. ಆದರೆ ಬೇಗ ಬೆಳಗಾಗಲಿ ಅನ್ನಿಸುತ್ತಿದೆ. ಹಾಗೆ ಅನ್ನಿಸಿ ಎಷ್ಟೋ ದಿನವಾಗಿತ್ತು.