ಎರಡು ಬೀಗದ ಬಾಗಿಲು

ಲೆಶ್ಟಾರಿ,
ಜುಲೈ 14

ಹಟಮಾರಿ ಲಮಾರಾಳಿಗೆ,

ಎತೆರಿಯ ನಮಸ್ಕಾರ. ನನ್ನ ನಮಸ್ಕಾರ ಬೇಡವಾದರೆ ಈ ಸಾಲು ಬಿಟ್ಟು ಮುಂದಕ್ಕೆ ಓದು, ಆದರೆ ಓದು. ಫೋನು ಮಾಡಿದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀಯ. ದೇವರ ಪಟ ಮುಟ್ಟಿ ನೀನು ಆಣೆ ಮಾಡಿದ್ದು ನನ್ನ ಜೊತೆ ಒಂದೇ ಸೂರಿನಡಿ ನಿಲ್ಲುವುದಿಲ್ಲ ಅಂತ. ಫೋನಿನಲ್ಲಿ ಮಾತಾಡುವುದಿಲ್ಲ ಅನ್ನುವುದು ಅದರಲ್ಲಿ ಇರಲಿಲ್ಲ, ಅದನ್ನು ನೀನೇ ಕೊಸರು ಅಂತ ಸೇರಿಸಿಕೊಂಡೆ. ಅದಕ್ಕೇ ಈ ಕಾಗದ. ಇದನ್ನು ತರುತ್ತಿರುವವಳು ಫ್ಲಾವಿಯಾ, ಇಟಲಿಯವಳು, ಹಳೆಯ ಗೋಡೆಚಿತ್ರಗಳನ್ನು ಉಳಿಸುವುದು ಅವಳ ಕಸುಬು. ರಜೆಗೆ ತನ್ನೂರಿಗೆ ಹೊರಟಿದ್ದಾಳೆ. ನೀನು ಯಾರದೋ ಮುದುಕಿಗೆ ಗಂಜಿ ಕುಡಿಸಿಕೊಂಡು ಕೂತಿರುವ ನೇಪಲ್ಸ್ ಅಲ್ಲಿಗೆ ಹತ್ತಿರವಂತೆ. ಅವಳ ಮುಖಕ್ಕೆ ಬಾಗಿಲು ಹಾಕಬೇಡ. ಅವಳ ಮೇಲೆ ಯಾವ ಆಣೆಯೂ ಇಲ್ಲ.

ನೀನು ಹೋದ ಮೇಲೆ ಊರಲ್ಲಿ ಏನಾಯಿತು ಅಂತ ಕೇಳಿದರೆ, ಏನೂ ಆಗಲಿಲ್ಲ. ನಾಲ್ಕು ವರ್ಷದಿಂದ ರಸ್ತೆಯೂ ಇಲ್ಲ, ಚರ್ಚಿನ ಸೂರಿನ ರಿಪೇರಿಯೂ ಇಲ್ಲ. ಚರ್ಚಿನ ದಿಬ್ಬ ಕಡಿದು ರಸ್ತೆ ಅಗಲ ಮಾಡುತ್ತೇವೆ ಅಂತ ಬಂದ ಬುಲ್ಡೋಜರು ಅಲ್ಲೇ ತುಕ್ಕು ಹಿಡಿಯುತ್ತಿದೆ, ಅದರ ನೆರಳಲ್ಲಿ ನಿನ್ನ ಅಳಿಯ ಜೋಟೋನ ಹಂದಿಗಳು ಮಲಗುತ್ತವೆ. ನೀನು ರಸ್ತೆ ಅಂದೆ, ನಾನು ಚರ್ಚು ಅಂದೆ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ ಊರು ಬಡವಾಯಿತು.

ಆವತ್ತಿನ ಊರ ಸಭೆಯ ಮಾತನ್ನು ನಾನು ಇವತ್ತಿಗೂ ಬದಲಾಯಿಸುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ರಸ್ತೆ ಹೊಳೆಯ ಆಚೆ ದಡದಲ್ಲಿ ಹೋಗಲಿ, ಎರಡು ವರ್ಷ ತಡವಾದರೂ ಸರಿ, ದಿಬ್ಬ ಅಲುಗಿದರೆ ಎಂಟುನೂರು ವರ್ಷದ ಗೋಡೆ ನಿಲ್ಲುವುದಿಲ್ಲ ಅಂದೆ. ಸರಿಯಾಗಿಯೇ ಅಂದೆ. ಆದರೆ ನಿನ್ನ ಗಂಡ ಓತಿಯಾ ಆ ಫೆಬ್ರವರಿಯಲ್ಲೇ ಆಸ್ಪತ್ರೆಯ ದಾರಿಯಲ್ಲಿ, ಹಿಮ ತೆಗೆಯುವ ಗಾಡಿಗೆ ಕಾಯುತ್ತಾ, ತಿರುವಿನಲ್ಲಿ, ಎತ್ತಿನ ಜಾರುಬಂಡಿಯ ಮೇಲೆ ಮಲಗಿದ್ದಂತೆಯೇ ತೀರಿಹೋಗಿದ್ದ. ನೀನು ಎದ್ದು ನಿಂತು, "ಎರಡು ವರ್ಷದಲ್ಲಿ ಇನ್ನೂ ಎಷ್ಟು ಜನ ಓತಿಯಾಗಳನ್ನ ಹೂಳ್ತೀಯೇ ಎತೆರಿ?" ಅಂದೆ. ಅದೂ ಸರಿಯಾದ ಮಾತೇ. ಇಬ್ಬರದೂ ಸರಿಯಾದರೆ ಜಗಳ ಯಾವತ್ತಾದರೂ ಮುಗಿಯುತ್ತದೆಯೇ?

ಆಮೇಲಿನದ್ದು ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಚರ್ಚಿನ ಪಟ ಹೊರಗೆ ತರಬೇಕು, ಆಣೆ ಮಾಡಬೇಕು ಅಂದೆ ನೀನು. ಚರ್ಚಿನ ಬಾಗಿಲಿಗೆ ಎರಡು ಬೀಗ, ಒಂದು ಕೀಲಿಕೈ ನಿನ್ನ ಮನೆಯದು, ಇನ್ನೊಂದು ನನ್ನ ಮನೆಯದು. ನನ್ನ ವಿರುದ್ಧ ನೀನು ಆಣೆ ಮಾಡುವುದಕ್ಕೆ ನಾನೇ ನನ್ನ ಕೀಲಿಕೈ ತಂದು ಬೀಗ ತೆಗೆದುಕೊಟ್ಟೆ! ಇಂಥ ಪೆದ್ದು ಕೆಲಸ ನಮ್ಮ ಊರಿನವರಲ್ಲದೆ ಭೂಮಿಯ ಮೇಲೆ ಬೇರೆ ಯಾರೂ ಮಾಡುವುದಿಲ್ಲ. ಅದೇ ಕೊನೆ, ಆ ಬಾಗಿಲು ಮತ್ತೆ ತೆರೆದಿಲ್ಲ. ನೀನು ಕೀಲಿಕೈಯನ್ನು ಕೊರಳಿಗೆ ಹಾಕಿಕೊಂಡು ವಿಮಾನ ಹತ್ತಿದೆ.

ಈಗ ಕೇಳು. ಈ ವಸಂತದಲ್ಲಿ ಮೂರು ದೇಶದವರು ಒಟ್ಟಿಗೆ ಬಂದು ನನ್ನ ಅಡಿಗೆಮನೆಯಲ್ಲಿ ಕೂತಿದ್ದಾರೆ. ಗೋಡೆಚಿತ್ರ ಮತ್ತು ಸೂರು ಇಟಲಿಯವರ ಪಾಲು. ಹೊಳೆಗೆ ಕಬ್ಬಿಣದ ಸೇತುವೆ ಹಾಕಿ ರಸ್ತೆಯನ್ನು ಆಚೆ ದಡಕ್ಕೆ ದಾಟಿಸಿ ಆ ತಿರುವು ತಪ್ಪಿಸುವುದು ನಾರ್ವೆಯವರ ಪಾಲು. ರುಜು ಹಾಕುವುದು ರಾಜಧಾನಿ ತ್ಬಿಲಿಸಿಯಲ್ಲಿ ಕೂತ ನಮ್ಮ ಸರ್ಕಾರದ ಪಾಲು, ಅವರಿಗೆ ಅಷ್ಟೇ ಕೆಲಸ, ಅದನ್ನೂ ಮಾಡುತ್ತಿಲ್ಲ. ನಿನಗೆ ರಸ್ತೆ, ನನಗೆ ಚರ್ಚು, ಎರಡೂ ಸಿಗುತ್ತವೆ ಲಮಾರಾ! ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹಿಮ ಬೀಳುವ ಮೊದಲೇ ಸೇತುವೆ ನಿಲ್ಲಿಸುತ್ತಾರಂತೆ.

ಇಷ್ಟಕ್ಕೆ ಬರುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದು ಹೋಯಿತು. ಸೇತುವೆಯ ಕಂಬಿಗೆ ಬೂದು ಬಣ್ಣವೋ ಕಂದು ಬಣ್ಣವೋ ಅಂತ ಮೂರು ದಿನ ವಾದ ಮಾಡಿದರು ಕಣೇ. ಮೂರು ದಿನವೂ ಅಷ್ಟೂ ಜನಕ್ಕೆ ಮಾಂಸದ ರೊಟ್ಟಿ ಬೇಯಿಸಿದವಳು ನಾನು. ಕೊನೆಗೆ ನಾನೇ ಹೋಗಿ, "ಹೊಳೆ ದಾಟೋ ಹಸುಗೆ ಬಣ್ಣ ಕಾಣಲ್ಲಪ್ಪ, ಯಾವುದಾದರೂ ಬಳಿದು ಸಾಯಿರಿ" ಅಂದೆ. ನಾರ್ವೆಯ ಎಂಜಿನಿಯರು ಸ್ವೆರ್ರೆ ಅದನ್ನೂ ಬರೆದುಕೊಂಡ. ಒಳ್ಳೆಯವನು, ಆದರೆ ನೀರು ಬಿಟ್ಟು ಬೇರೇನೂ ಕುಡಿಯುವುದಿಲ್ಲ. ಊರ ಆಣೆ ಪದ್ಧತಿಗಳಿಗೆಲ್ಲ ಹಿರಿಯನಾದ ನಮ್ಮ ಬಿಮುರ್ಜಾ ತಾತ ಸತ್ತವರ ಹೆಸರು ಹೇಳಿ ಸಾರಾಯಿ ಲೋಟ ಎತ್ತಿದಾಗ ಇವನೂ ನೀರಿನ ಲೋಟ ಎತ್ತಿದ. ತಾತ ಲೋಟ ಕೆಳಗಿಟ್ಟು, "ನೀರಲ್ಲಿ ನೆನೆಸಿಕೊಂಡರೆ ನಮ್ಮ ಹಿರೀಕರಿಗೆ ಕೇಳಿಸಲ್ಲ ಮಗಾ" ಅಂದ. ಇನ್ನು ಸೇತುವೆಯೇ ಕೈತಪ್ಪಿತು ಅಂದುಕೊಂಡೆ.

ಅದೆಲ್ಲ ಮುಗಿದು ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಫ್ಲಾವಿಯಾ ಕೇಳಿದಳು, "ಒಳಗಿನ ಗೋಡೆ ಯಾವಾಗ ನೋಡೋಣ?" ಅಂತ. ಒಳಗಿನ ಚಿತ್ರಗಳನ್ನು ನೋಡಿ, ಅಳೆದು, ಫೋಟೋ ತೆಗೆದು ಕಳಿಸಿದರೆ ಮಾತ್ರ ಒಪ್ಪಂದಕ್ಕೆ ರುಜು ಬೀಳುವುದು. ಅದೂ ಆಗಸ್ಟ್ ಮುಗಿಯುವುದರೊಳಗೆ. ತಪ್ಪಿದರೆ ತ್ಬಿಲಿಸಿಯವರು ಹಳೆಯ ನಕ್ಷೆಗೇ ವಾಪಸ್ಸು, ಬುಲ್ಡೋಜರು ದಿಬ್ಬಕ್ಕೇ. ನಾನು ಒಲೆಯ ಕಡೆ ಮುಖ ತಿರುಗಿಸಿಕೊಂಡು ನಿಂತೆ. ಏನು ಹೇಳಲಿ? ಅರ್ಧ ಬಾಗಿಲು ನೇಪಲ್ಸಿನಲ್ಲಿದೆ ಅನ್ನಲೇ? ಕೊನೆಗೆ ಅದನ್ನೇ ಹೇಳಿದೆ.

ತ್ಬಿಲಿಸಿಯಿಂದ ಬಂದಿರುವ ಅಧಿಕಾರಿ ರಮಾಜ್ ಅಂತ ಒಬ್ಬ, ನುಣ್ಣಗೆ ಬಾಚಿದ ತಲೆಯವನು. "ಅಷ್ಟೇನಾ ಆಂಟಿ? ಬೀಗ ಒಡೆದುಬಿಡೋಣ ಬಿಡಿ. ಹೊಸದು ನಾನೇ ತಂದುಕೊಡ್ತೀನಿ, ಜರ್ಮನ್ ಬೀಗ" ಅಂದ. ಬಿಮುರ್ಜಾ ತಾತ ಎದ್ದು ಹೋಗಿ ಚರ್ಚಿನ ಹೊಸ್ತಿಲಿಗೆ ಅಡ್ಡ ಮಲಗಿದ. ಅಲ್ಲಿಗೂ ಊಟ ಹೊತ್ತವಳು ನಾನೇ. ಫ್ಲಾವಿಯಾ ಬೇರೆ ತಾತನ ಪಕ್ಷ ಸೇರಿದಳು. ಎರಡು ಮನೆ, ಎರಡು ಕೀಲಿಕೈ, ಆಯಾ ಮನೆಯ ಕೈಯೇ ತಿರುಗಿಸಬೇಕು, ಇಬ್ಬರೂ ಒಟ್ಟಿಗೆ ಒಳಗೆ ಕಾಲಿಟ್ಟು ಮೊದಲ ಮೇಣದಬತ್ತಿ ಹಚ್ಚಬೇಕು, ಈ ಪದ್ಧತಿಯೂ ಉಳಿಸಬೇಕಾದ್ದೇ ಅಂತ ಒಪ್ಪಂದದ ಕರಡಿಗೇ ಸೇರಿಸಿಬಿಟ್ಟಳು. ನೋಡು ಚೆಂದ! ಇಷ್ಟು ದಿನ ಬೀಗ ಒಡೆದರೆ ನಮ್ಮ ದೇವರಿಗೆ ಮಾತ್ರ ಸಿಟ್ಟು ಬರುತ್ತಿತ್ತು, ಈಗ ಮೂರು ದೇಶಕ್ಕೆ ಬರುತ್ತದೆ.

ಕೀಲಿಕೈಯನ್ನು ಕೊರಿಯರಿನಲ್ಲಿ ತರಿಸೋಣ ಅಂದ ರಮಾಜ್. "ಕೀಲಿಕೈ ಬರುತ್ತೆ, ಕೈ ಬರುತ್ತೇನಯ್ಯಾ?" ಅಂದ ತಾತ. ನಿನ್ನ ಮಗಳು ಇಯಾ ತಿರುಗಿಸಬಹುದಿತ್ತು, ಆದರೆ ಜೋಟೋನ ಕೈಹಿಡಿದು ಅವಳು ಅವನ ಮನೆಯವಳಾದಳು. ನಿನ್ನ ಮನೆಯಲ್ಲಿ ಈಗ ಉಳಿದಿರುವವಳು ನೀನೊಬ್ಬಳೇ.

ಇಯಾಳ ಮಾತು ಬಂತಲ್ಲ, ಹೇಳಬಾರದು ಅಂದುಕೊಂಡಿದ್ದೆ. ಹೇಳಿಬಿಡುತ್ತೇನೆ. ನಿನ್ನ ಮಗಳು ಬಸುರಿ. ಜನವರಿಗೆ ದಿನ ತುಂಬುತ್ತದೆ. ಅಮ್ಮನಿಗೆ ಹೇಳಬೇಡಿ ಅಂದಿದ್ದಾಳೆ. ಹೇಳಿದರೆ ನೀನು ಹಿಮ ಬೀಳುವ ಮೊದಲೇ ಪಟ್ಟಣಕ್ಕೆ ಇಳಿದು ಬಾಡಿಗೆ ಮನೆ ಹಿಡಿ ಅಂತ ದಿನಾ ಪ್ರಾಣ ತಿನ್ನುತ್ತೀಯಂತೆ. ನಾನೂ ಅದನ್ನೇ ಹೇಳಿ ಸಾಕಾಯಿತು. "ಹಸು ಯಾರು ಕರೀತಾರೆ, ನೀವು ಕರೀತೀರಾ?" ಅಂತ ನನಗೇ ತಿರುಗಿಬಿದ್ದಳು. ಥೇಟ್ ನಿನ್ನದೇ ಬಾಯಿ. ಗಾಬರಿಯಾಗಬೇಡ, ಚೆನ್ನಾಗಿದ್ದಾಳೆ. ಮಧ್ಯಾಹ್ನದ ಊಟಕ್ಕೆ ನನ್ನ ಮನೆಗೇ ಬರುತ್ತಾಳೆ, ಚೀಸ್ ಕಲಸಿದ ಬಿಸಿ ಆಲೂಗಡ್ಡೆಯನ್ನು ಬಾಣಲೆಯಿಂದಲೇ ತಿನ್ನುತ್ತಾಳೆ. ಆದರೆ ಜನವರಿಯಲ್ಲಿ ಆ ತಿರುವು ಹೇಗಿರುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅವಳನ್ನು ಜಾರುಬಂಡಿಯ ಮೇಲೆ ಮಲಗಿಸಿ ಅದೇ ತಿರುವಿನಲ್ಲಿ ನಿಲ್ಲುವ ಶಕ್ತಿ ನನಗಿಲ್ಲ. ಹೆದರಿಕೆಯಾಗುತ್ತದೆ ಕಣೇ. ಆ ಸೇತುವೆ ನನಗೂ ಬೇಕು, ನಿನಗಿಂತ ಜಾಸ್ತಿ ಬೇಕು.

ಆಣೆ ಮುರಿ ಅಂತ ನಾನು ಹೇಳುತ್ತಿಲ್ಲ. ಪಟದ ಮೇಲಿನ ಆಣೆ ಮುರಿದ ಮನೆಗಳಿಗೆ ಏನಾಯಿತು ಅಂತ ಇಬ್ಬರೂ ಕೇಳಿಕೊಂಡೇ ಬೆಳೆದವರು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡವಳು ಎದುರಿಗೆ ಓಡಾಡುವಾಗ ಆ ಮಾತು ನಾಲಿಗೆಗೆ ತರುವುದಕ್ಕೂ ನನಗೆ ಭಯ. ಆಣೆಗೆಲ್ಲ ಬೆಲೆ ಕೊಡಬೇಡಿ ಅಂದ ರಮಾಜನನ್ನು ಅಡಿಗೆಮನೆಯಿಂದ ಆಚೆಗೆ ಓಡಿಸಿದೆ, ಅರ್ಧ ರೊಟ್ಟಿ ಕೈಯಲ್ಲಿದ್ದ ಹಾಗೇ.

ಹಾಗಾದರೆ ಯಾಕೆ ಬರೆಯುತ್ತಿದ್ದೀಯ ಅನ್ನುತ್ತೀಯ. ಬಾ ಅಂತ ಬರೆಯುತ್ತಿದ್ದೇನೆ. ಆಗಸ್ಟಿನಲ್ಲಿ ನಾಲ್ಕು ದಿನ ರಜೆ ಕೇಳು. ಮುದುಕಿಯನ್ನು ನೋಡಿಕೊಳ್ಳುವುದಕ್ಕೆ ಫ್ಲಾವಿಯಾಳ ತಂಗಿ ಒಪ್ಪಿದ್ದಾಳೆ, ಅದನ್ನೂ ನಾನೇ ಮಾತಾಡಿಟ್ಟಿದ್ದೇನೆ. ನೀನು ಮಗಳ ಮನೆಯಲ್ಲಿ ಉಳಿದುಕೋ, ನಾನು ಆ ಕಡೆ ತಲೆ ಹಾಕುವುದಿಲ್ಲ. ಬೀಗ ತೆಗೆಯುವುದು ಹೊರಗಡೆ, ಅದಕ್ಕೆ ಆಣೆ ಅಡ್ಡ ಬರುವುದಿಲ್ಲ. ಬತ್ತಿ ಹಚ್ಚುವ ವಿಷಯ ನನಗೆ ಬಿಡು.

ನಿನಗೆ ಬೇಡವಾದರೂ ಇದೊಂದು ಹೇಳುತ್ತೇನೆ. ಈ ನಾಲ್ಕು ವರ್ಷದಿಂದ ದೇವದೂತನ ಹಬ್ಬಕ್ಕೆ ನಾನೊಬ್ಬಳೇ ಹಿಟ್ಟು ನಾದುತ್ತೇನೆ. ಉಪ್ಪು ಜಾಸ್ತಿಯಾಯಿತು ಅಂತ ಬೈಯುವವರು ಯಾರೂ ಇಲ್ಲ, ಅದಕ್ಕೇ ವರ್ಷವರ್ಷಕ್ಕೂ ಜಾಸ್ತಿಯಾಗುತ್ತಿದೆ. ಸುಸ್ತಾಗಿದ್ದೇನೆ ಲಮಾರಾ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಮಾಡಿಕೊಂಡು ಸುಸ್ತಾಗಿದ್ದೇನೆ.

ಬರುತ್ತೀಯೋ ಇಲ್ಲವೋ, ಫ್ಲಾವಿಯಾಳ ಕೈಯಲ್ಲಿ ಒಂದು ಮಾತು ಹೇಳಿ ಕಳಿಸು. ಇಲ್ಲ ಅನ್ನುವುದಾದರೆ ಅವಳಿಗೆ ಊಟ ಹಾಕಿ ಆಮೇಲೆ ಹೇಳು, ಪಾಪ, ದೂರದಿಂದ ಬಂದಿರುತ್ತಾಳೆ.

ನಿನ್ನ ಕಾಟ ತಪ್ಪಿದರೂ ನೆಮ್ಮದಿ ಸಿಗದ,
ಎತೆರಿ

ತಾ.ಕ.: ಬತ್ತಿ ಹಚ್ಚುವ ವಿಷಯ ನನಗೆ ಬಿಡು ಅಂದೆನಲ್ಲ, ಬಿಡುವವಳು ನೀನಲ್ಲ, ಬರೆದೇಬಿಡುತ್ತೇನೆ. ಬಾಗಿಲಿನಿಂದ ಬತ್ತಿ ಹಚ್ಚುವ ಕಲ್ಲಿನವರೆಗಿನ ಸೂರು ಪೂರ್ತಿ ಕೊಳೆತಿದೆ. ಆ ಗೋಡೆಯ ಚಿತ್ರ ನಾವು ಹುಡುಗಿಯರಾಗಿದ್ದಾಗಲೇ ಮಳೆಗೆ ತೊಳೆದುಹೋಗಿತ್ತು, ನೆನಪಿದೆಯಲ್ಲ? ಅಷ್ಟು ಭಾಗದ ಹಲಗೆಗಳನ್ನು ಹೊರಗಿನಿಂದಲೇ ಸಾರುವೆ ಕಟ್ಟಿ ಬಿಚ್ಚುತ್ತಾರೆ. ಬಿಚ್ಚಿದ ಕ್ಷಣವೇ ಪ್ಲಾಸ್ಟಿಕ್ ಹೊದಿಸಬೇಕು ಅಂತ ಫ್ಲಾವಿಯಾ. ಬೇಡ, ಒಂದು ಗಂಟೆ ಬರಿಯ ಆಕಾಶ ಇರಲಿ ಅಂತ ನಾನು. ಅವಳು ಹೊರಡುವ ಗಡಿಬಿಡಿಯಲ್ಲೇ ಕಿತ್ತಾಡಿದೆವು. ಕೊನೆಗೆ ಯಾಕೆ ಅಂತ ಹೇಳಿದೆ. ಕಂಬಿಯ ಬಣ್ಣಕ್ಕೆ ಮೂರು ದಿನ ವಾದ ಮಾಡಿದವಳು ಆಮೇಲೆ ಹಟ ಬಿಟ್ಟಳು. ನೀನು ಬಂದ ದಿನವೇ ಬಿಚ್ಚಲಿ ಅಂದಳು. ತಾತನನ್ನೂ ಕೇಳಿದೆ. ಗಡ್ಡ ಕೆರೆದುಕೊಂಡು, "ಸೂರಿಲ್ಲದ ಕಡೆ ಸೂರಿನ ಆಣೆ ಹಿಡಿಯಲ್ಲ. ನಿಂತ್ಕೊಳ್ಳಿ ಹೋಗಿ" ಅಂದ. ಮಳೆ ಬಂದರೆ ಇಬ್ಬರೂ ನೆನೆಯೋಣ. ಕೊಡೆ ಮಾತ್ರ ತರಬೇಡ. ಕೊಡೆಯೂ ಸೂರೇ ಅಂತೆ, ಅದನ್ನೂ ಕೇಳಿಟ್ಟಿದ್ದೇನೆ.